ಅಂಗಳದ ಕಳೆ, ಜಾಡಿಯ ಹುಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ವಿದ್ಯಾರಣ್ಯಪುರದಲ್ಲಿ ಒಂದು 30-40 ಸೈಟು. ಮನೆ ಕಟ್ಟಿದ ಮೇಲೆ ಹಿತ್ತಿಲಲ್ಲಿ ಉಳಿದದ್ದು ಆರಡಿ ಅಗಲದ ಮಣ್ಣು, ತಾರಸಿಯಲ್ಲಿ ಇಪ್ಪತ್ತು ಕುಂಡ. ಅಮ್ಮ ಮಾಗಡಿ ಕಡೆಯವರು. ಬೆರಕೆ ಸೊಪ್ಪಿಲ್ಲದೆ ಅವರಿಗೆ ಮುದ್ದೆ ಇಳಿಯುವುದಿಲ್ಲ. ಅತ್ತೆ ತೀರ್ಥಹಳ್ಳಿಯವರು. ಅಂಗಳದಲ್ಲಿ ಕಂಡ ಎಲೆಯೆಲ್ಲ ಅವರಿಗೆ ತಂಬುಳಿ. ಇಬ್ಬರ ನಡುವೆ ಸಿಕ್ಕಿಕೊಂಡು ನಾನು ಕಲಿತೆ. ಮನೆಗೆ ಬರುವ ನೆಂಟರು, ಪಕ್ಕದ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಅಡುಗೆ ಮಾಡುವವಳು. ಆ ಲೆಕ್ಕದಲ್ಲೇ ಓದಿ.

ಕಳೆ ಅಂತ ಕಿತ್ತು ಬಿಸಾಡುವುದನ್ನು ತಿನ್ನುವುದಾ? ಬಡತನದ ಊಟ ಅಲ್ವಾ ಇದು?

ಪೇಟೆಯವರಿಗೆ ಹಾಗೆ ಕಾಣುತ್ತದೆ. ಬೆಂಗಳೂರಿನ ಸುತ್ತಮುತ್ತ ರಾಗಿ ಹೊಲ ಇದ್ದ ಕಡೆಯೆಲ್ಲ ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬ ಸೊಪ್ಪು ತಂದೇ ಮನೆಗೆ ಬರುತ್ತಿದ್ದರು. ಅಣ್ಣೆ ಸೊಪ್ಪು, ಕಿರಕಸಾಲೆ, ಗೋಣಿ, ಗಣಿಕೆ, ಹೊನಗೊನ್ನೆ, ಕೊಮ್ಮೆ, ಹೀಗೆ ಏಳೆಂಟು ಬಗೆ ಸೇರಿದರೆ ಅದೇ ಬೆರಕೆ ಸೊಪ್ಪು. ಅದರಲ್ಲಿ ಒಂದನ್ನೂ ಯಾರೂ ಬಿತ್ತಿರಲಿಲ್ಲ. ಈಗ ಅದೇ ಸೊಪ್ಪಿನ ಕಟ್ಟು ಗಾಂಧಿ ಬಜಾರಿನಲ್ಲಿ ಸಿಕ್ಕಿದರೆ ಪಾಲಕ್‌ಗಿಂತ ಜಾಸ್ತಿ ಬೆಲೆ. ಬಡತನದ ಊಟ ಅನ್ನುವವರು ಒಮ್ಮೆ ಕೇಳಿ ನೋಡಬೇಕು.

ಮೊದಲ ಸಲ ಕಲಿಯುವವರು ಯಾವ ಗಿಡದಿಂದ ಶುರು ಮಾಡಬೇಕು?

ಒಂದೇ ಗಿಡದಿಂದ. ಒಂದು ಮಳೆಗಾಲ ಪೂರ್ತಿ ಅದನ್ನೇ ನೋಡಿ. ಮೊಳಕೆಯಲ್ಲಿ ಹೇಗಿರುತ್ತದೆ, ಹೂ ಬಿಟ್ಟಾಗ ಹೇಗೆ, ಬಿಸಿಲಲ್ಲಿ ಹೇಗೆ, ನೆರಳಲ್ಲಿ ಹೇಗೆ. ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ನನ್ನ ಫೋನಿನಲ್ಲೂ ಇದೆ. ಒಂದು ಸಲ ಅದು ನಮ್ಮ ಮನೆಯ ಮೆಂತ್ಯವನ್ನು ಮೇವಿನ ಹುಲ್ಲು ಅಂದಿತು. ಅದನ್ನು ನಂಬಿ ಬಾಯಿಗೆ ಹಾಕಬೇಡಿ.

ನನ್ನ ಮಟ್ಟಿಗೆ ಗೋಣಿ ಸೊಪ್ಪು ಒಳ್ಳೆಯ ಶುರು. ಕುಂಡದ ಅಂಚಿನಲ್ಲಿ, ಕಾಂಕ್ರೀಟಿನ ಬಿರುಕಿನಲ್ಲಿ ಎಲ್ಲೆಂದರಲ್ಲಿ ಬರುತ್ತದೆ. ಕೆಂಪು ಛಾಯೆಯ ದಪ್ಪ ಕಾಂಡ, ನೀರು ತುಂಬಿದಂತಿರುವ ಪುಟ್ಟ ಎಲೆ, ಬೆಳಿಗ್ಗೆ ಬಿಸಿಲಿಗೆ ಅರಳುವ ಸಣ್ಣ ಹಳದಿ ಹೂ. ತಿಂದರೆ ತುಸು ಹುಳಿ. ಹುಣಸೆಹಣ್ಣು ಕಡಿಮೆ ಹಾಕಿದರೂ ಸಾರು ರುಚಿಯಾಗುತ್ತದೆ. ಸೊಪ್ಪಿನಲ್ಲಿ ಅಪರೂಪಕ್ಕೆ ಸಿಗುವ ಒಮೆಗಾ-3 ಕೊಬ್ಬಿನ ಅಂಶವೂ ಇದರಲ್ಲಿ ಚೆನ್ನಾಗಿದೆ.

ಎರಡನೆಯದಾಗಿ ಗಣಿಕೆ ಸೊಪ್ಪು, ಕೆಲವರು ಕಾಕಿ ಸೊಪ್ಪು ಅನ್ನುತ್ತಾರೆ. ಸಣ್ಣ ಬಿಳಿ ನಕ್ಷತ್ರದಂಥ ಹೂ, ಗೊಂಚಲಲ್ಲಿ ಮೆಣಸಿನ ಕಾಳಿನಷ್ಟು ಹಣ್ಣು. ಎಲೆಯನ್ನು ಬೇಯಿಸಿಯೇ ತಿನ್ನಬೇಕು. ಪೂರ್ತಿ ಕಪ್ಪಾದ ಹಣ್ಣು ಮಕ್ಕಳು ಕಿತ್ತು ತಿನ್ನುತ್ತಾರೆ, ಪರವಾಗಿಲ್ಲ. ಹಸಿರು ಕಾಯಿ ಮಾತ್ರ ಬೇಡವೇ ಬೇಡ. ಹಸಿರಾದ ಆಲೂಗಡ್ಡೆಯಲ್ಲಿ ಇರುವಂಥ ಸೊಲನಿನ್ ಎಂಬ ವಿಷ ಅದರಲ್ಲೂ ಇದೆ. ಹೂವೋ ಹಣ್ಣೋ ಕಾಣದ ಎಳೆ ಗಿಡವನ್ನು ಗಣಿಕೆ ಅಂತ ಕೀಳಬೇಡಿ. ಎಳೆಯದರಲ್ಲಿ ಉಮ್ಮತ್ತಿಯೂ ನೋಡಲು ಹಾಗೇ ಇರಬಹುದು.

ಇವೆರಡು ಕೈಗೆ ಬಂದ ಮೇಲೆ ಅಣ್ಣೆ, ಕಿರಕಸಾಲೆ, ಹೊನಗೊನ್ನೆ. ಉಳಿದದ್ದು ತಾನಾಗಿ ಬರುತ್ತದೆ.

ಗೋಣಿ ಸೊಪ್ಪಿನ ಜೊತೆಯಲ್ಲೇ ನೆಲಕ್ಕೆ ಅಂಟಿಕೊಂಡು ಇನ್ನೊಂದು ಗಿಡ ಬರುತ್ತದೆ. ಅದೂ ತಿನ್ನಬಹುದಾ?

ಕಾಂಡ ಮುರಿದು ನೋಡಿ. ಬಿಳಿ ಹಾಲು ಬಂದರೆ ಬಿಸಾಡಿ. ಅದು ಕಳ್ಳಿ ಜಾತಿಯ ಪುಟ್ಟ ಗಿಡ, ಹಾಲು ಬಾಯಿ, ಕಣ್ಣು ಎರಡನ್ನೂ ಉರಿಸುತ್ತದೆ. ಗೋಣಿ ಸೊಪ್ಪಿನ ಕಾಂಡ ಮುರಿದರೆ ಬರುವುದು ಬರೀ ನೀರು. ಕಳ್ಳಿ ಜಾತಿಯದರ ಎಲೆ ತೆಳ್ಳಗೆ, ಕಾಂಡ ದಾರದ ಹಾಗೆ. ಎರಡೂ ಒಂದೇ ಕುಂಡದಲ್ಲಿ ಹೆಣೆದುಕೊಂಡು ಬರುವುದರಿಂದ ಹಿಡಿ ಹಿಡಿಯಾಗಿ ಕೀಳದೆ ಒಂದೊಂದೇ ಕಡ್ಡಿ ಕೀಳುವುದು ರೂಢಿ ಮಾಡಿಕೊಳ್ಳಿ.

ಒಂದೆಲಗ ಅಂದರೆ ಬ್ರಾಹ್ಮಿನೇ ತಾನೆ?

ಅಂಗಡಿಯಲ್ಲಿ ಎರಡಕ್ಕೂ ಬ್ರಾಹ್ಮಿ ಅನ್ನುತ್ತಾರೆ, ಅದಕ್ಕೇ ಈ ಗೊಂದಲ. ತಂಬುಳಿಗೆ ಹಾಕುವ, ದುಂಡಗೆ ಮೂತ್ರಪಿಂಡದ ಆಕಾರದ ಎಲೆ ಒಂದೆಲಗ. ತುಳುವಿನಲ್ಲಿ ತಿಮರೆ. ನೀರಿನ ಜಾಗದಲ್ಲಿ ಹಬ್ಬುವ, ಸಣ್ಣ ದಪ್ಪ ಎಲೆಯ, ತಿಳಿ ನೇರಳೆ ಅಥವಾ ಬಿಳಿ ಹೂವಿನ ಗಿಡ ನೀರು ಬ್ರಾಹ್ಮಿ. ಅದು ತೀರಾ ಕಹಿ.

ನರ್ಸರಿಗಳಲ್ಲಿ ಅಲಂಕಾರಕ್ಕೆ ಮಾರುವ ಇನ್ನೊಂದು ದುಂಡೆಲೆ ಗಿಡವಿದೆ. ಅದರ ತೊಟ್ಟು ಛತ್ರಿಯ ಕೋಲಿನ ಹಾಗೆ ಎಲೆಯ ನಡುಮಧ್ಯಕ್ಕೆ ಬಂದು ಸೇರುತ್ತದೆ. ಒಂದೆಲಗದಲ್ಲಿ ಎಲೆಯ ಒಂದು ಕಡೆ ಸೀಳಿರುತ್ತದೆ, ತೊಟ್ಟು ಆ ಸೀಳಿಗೆ ಸೇರುತ್ತದೆ. ಎಲೆ ತಿರುಗಿಸಿ ನೋಡಿದರೆ ಸಾಕು.

ಅತ್ತೆಯ ತಂಬುಳಿ: ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ ಸೇರಿಸಿ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ. ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಹುರಿದುಕೊಂಡರೆ ಘಮ ಬೇರೆ. ಎಲೆ ಹಸಿಯಾಗಿಯೇ ಹೋಗುವುದರಿಂದ ಒಂದೆಲಗವನ್ನು ನಾನು ಮನೆಯ ಕುಂಡದಿಂದ ಮಾತ್ರ ಕೀಳುತ್ತೇನೆ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಪಕ್ಕದ ಖಾಲಿ ಸೈಟಿನಲ್ಲಿ ಸೊಪ್ಪು ಚೆನ್ನಾಗಿ ಬಂದಿದೆ. ತರಬಹುದಾ?

ಬೆಂಗಳೂರಿನಲ್ಲಿ ಗಿಡ ಯಾವುದು ಅನ್ನುವುದಕ್ಕಿಂತ ಗಿಡದ ಬುಡದಲ್ಲಿ ಏನಿದೆ ಅನ್ನುವುದು ಮುಖ್ಯ. ಸರಿಯಾದ ಸೊಪ್ಪು ತಪ್ಪು ಜಾಗದಲ್ಲಿ ಬೆಳೆದರೆ ಅದು ತಪ್ಪು ಸೊಪ್ಪೇ.

ಖಾಲಿ ಸೈಟು ಅಂದರೆ ನಮ್ಮ ಊರಿನಲ್ಲಿ ಏನು? ಒಡೆದ ಮನೆಯ ಕಸ, ಹಳೇ ಪೇಂಟಿನ ಚೂರು, ಟ್ಯೂಬ್‌ಲೈಟು, ಯಾರೋ ಸುಟ್ಟ ಪ್ಲಾಸ್ಟಿಕ್, ಬೀದಿ ನಾಯಿಗಳು. ಹಳೇ ಬಣ್ಣದಲ್ಲಿ ಸೀಸ ಇರುತ್ತಿತ್ತು. ದೊಡ್ಡ ರಸ್ತೆಯ ಪಕ್ಕದ ಮಣ್ಣಿನಲ್ಲೂ ಇದೇ ಕಥೆ. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿತು, ಆದರೆ ಅಷ್ಟು ವರ್ಷ ಹೊಗೆಯಲ್ಲಿ ಬಂದು ಬಿದ್ದ ಸೀಸ ಮಣ್ಣು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದು ಕೊಳೆಯುವ ವಸ್ತುವೇ ಅಲ್ಲ. ಎಲೆಯ ಮೇಲಿನ ಧೂಳು ತೊಳೆದರೆ ಹೋಗುತ್ತದೆ, ಬೇರಿನಿಂದ ಒಳಗೆ ಹೋದದ್ದನ್ನು ಯಾವ ನೀರೂ ತೊಳೆಯುವುದಿಲ್ಲ.

ಕೆರೆಯ ಅಂಚಿನ ಸೊಪ್ಪಂತೂ ಬೇಡ. ಬೆಳ್ಳಂದೂರು ಕೆರೆಗೆ 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಹತ್ತಿಕೊಂಡದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ನೀರಿಗೇ ಬೆಂಕಿ ಹತ್ತುವ ಜಾಗದಲ್ಲಿ ಬೆಳೆದ ಹೊನಗೊನ್ನೆ ಕಣ್ಣಿಗೆ ಒಳ್ಳೆಯದು ಅಂತ ತಿನ್ನುವುದು ಯಾವ ನ್ಯಾಯ? ಇನ್ನೊಂದು ವಿಷಯ. ಕೆರೆಗಳಲ್ಲಿ ಹೊನಗೊನ್ನೆಯನ್ನೇ ಹೋಲುವ, ಹೊರದೇಶದಿಂದ ಬಂದ ಜೊಂಡು ಹಬ್ಬಿಕೊಂಡಿದೆ. ಅದರ ಕಾಂಡ ಟೊಳ್ಳು, ಬಿಳಿ ಹೂಚೆಂಡು ಉದ್ದ ತೊಟ್ಟಿನ ಮೇಲೆ ನಿಂತಿರುತ್ತದೆ. ನಿಜವಾದ ಹೊನಗೊನ್ನೆಯಲ್ಲಿ ಹೂಗಳು ತೊಟ್ಟಿಲ್ಲದೆ ಎಲೆಯ ಕಂಕುಳಿಗೇ ಅಂಟಿಕೊಂಡಿರುತ್ತವೆ. ಈ ಜೊಂಡು ನೀರಿನಲ್ಲಿರುವ ಲೋಹವನ್ನೆಲ್ಲ ಹೀರಿಕೊಳ್ಳುತ್ತದೆ. ಮಾರುಕಟ್ಟೆಯಲ್ಲಿ ಹೊನಗೊನ್ನೆ ಕಟ್ಟು ಕೊಂಡಾಗಲೂ ನಾನು ಹೂ ನೋಡಿಯೇ ತರುತ್ತೇನೆ.

ಚರಂಡಿ ನೀರು ಹರಿಯುವ ಕಡೆ ಬೆಳೆದದ್ದನ್ನು ಹಸಿಯಾಗಿ ತಿಂದರೆ ಲಾಡಿ ಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗುವ ಭಯವೂ ಇದೆ. ಅದರ ಮರಿ ಮೆದುಳಿಗೆ ಹೋಗಿ ಕೂತರೆ ಫಿಟ್ಸ್ ಬರುತ್ತದೆ. ಪಾರ್ಕಿನಲ್ಲಿ ಕಳೆನಾಶಕ ಯಾವಾಗ ಹೊಡೆದಿದ್ದಾರೋ ನಮಗೆ ಗೊತ್ತಾಗುವುದಿಲ್ಲ, ಅಲ್ಲಿಂದಲೂ ತರುವುದಿಲ್ಲ.

ಹಾಗಾದರೆ ಎಲ್ಲಿಂದ? ನಿಮ್ಮ ಕುಂಡ, ನಿಮ್ಮ ಹಿತ್ತಿಲು, ಊರಿನ ಹೊಲ. ಅಷ್ಟೇ.

ಕಾಂಗ್ರೆಸ್ ಗಿಡವನ್ನೂ ಔಷಧಿಗೆ ಬಳಸುತ್ತಾರಂತೆ?

ಬಳಸಬೇಡಿ. ಪಾರ್ಥೇನಿಯಂ ಮುಟ್ಟಿದರೇ ಕೆಲವರ ಮೈಯೆಲ್ಲ ತುರಿಕೆ, ಅದರ ಪರಾಗದಿಂದ ಕೆಲವರಿಗೆ ದಮ್ಮು. ನಮ್ಮ ತಂದೆಗೆ ಕುತ್ತಿಗೆ, ಮೊಣಕೈ ಒಳಭಾಗ ಕಪ್ಪಾಗಿ ಚರ್ಮ ಆನೆಯ ಚರ್ಮದಂತಾಗಿತ್ತು. ಕೀಳುವಾಗ ಕೈಗವಸು, ಪೂರ್ತಿ ತೋಳಿನ ಅಂಗಿ ಇರಲಿ. ಹೂ ಬಿಡುವ ಮುಂಚೆ ಕಿತ್ತರೆ ಬೀಜ ಬೀಳುವುದಿಲ್ಲ.

ಮಳೆಗಾಲದಲ್ಲಿ ಇದರ ಎಲೆಯನ್ನು ಜಾಲರಿ ಮಾಡಿ ತಿನ್ನುವ, ಬೆನ್ನ ಮೇಲೆ ಕಪ್ಪು ಗೆರೆಯ ಪುಟ್ಟ ಜೀರುಂಡೆ ಕಂಡರೆ ಸಾಯಿಸಬೇಡಿ. ಅದು ನಮಗೆ ನೆರವಾಗುವ ಹುಳು. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಇದೇ ಬೆಂಗಳೂರಿನಲ್ಲಿ ಮೊದಲು ಬಿಟ್ಟರು. ತಿನ್ನುವ ಕೆಲಸವನ್ನು ಅದಕ್ಕೇ ಬಿಡೋಣ.

ಬೆರಕೆ ಸೊಪ್ಪಿನಲ್ಲಿ ಏನು ಮಾಡುವುದು ಸುಲಭ?

ಮಸ್ಸೊಪ್ಪು ಎಲ್ಲಕ್ಕಿಂತ ಸುಲಭ. ತೊಗರಿಬೇಳೆ, ಸೊಪ್ಪು, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಒಟ್ಟಿಗೆ ಬೇಯಿಸಿ, ಮಂತಿನಲ್ಲಿ ಮಸೆದು, ಒಗ್ಗರಣೆ. ಸೊಪ್ಪು ಯಾವುದು ಎಷ್ಟು ಅನ್ನುವ ಲೆಕ್ಕ ಬೇಕಿಲ್ಲ. ಗಣಿಕೆ ಮಾತ್ರ ಒಂದು ಹಿಡಿ ದಾಟಿದರೆ ಕಹಿ ಮುಂದೆ ಬರುತ್ತದೆ.

ಬಸ್ಸಾರು ಮಾಡುವುದಾದರೆ ಬೇಳೆ, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು. ಗಟ್ಟಿಗೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆ, ಜೊತೆಗೆ ಬೆಂದ ಸೊಪ್ಪೇ ಒಂದು ಹಿಡಿ ರುಬ್ಬಿ ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಅಮ್ಮ ಮಾರನೆಯ ದಿನಕ್ಕೂ ಆಗುವಷ್ಟು ಮಾಡುತ್ತಾರೆ. ಬಿಸಿ ಮಾಡಿದಷ್ಟೂ ಅದರ ರುಚಿ ಏರುತ್ತದೆ.

ಇಲ್ಲಿ ಒಂದು ಎಚ್ಚರ. ಗೋಣಿ, ದಂಟು, ಕಿರಕಸಾಲೆ ಇವುಗಳಲ್ಲಿ ಕಿಡ್ನಿಯಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ. ಕಿಡ್ನಿ ಕಲ್ಲು ಆದವರಿಗೆ ಇದು ಆಗದು. ಬೇಯಿಸಿ ನೀರು ಚೆಲ್ಲಿದರೆ ಒಳ್ಳೇ ಪಾಲು ಆಕ್ಸಲೇಟ್ ನೀರಿನ ಜೊತೆ ಹೋಗುತ್ತದೆ. ಆದರೆ ಬಸ್ಸಾರಿನಲ್ಲಿ ನಾವು ಆ ನೀರನ್ನೇ ಊಟ ಮಾಡುತ್ತೇವಲ್ಲ! ನಮ್ಮ ಮನೆಯಲ್ಲಿ ಭಾವನಿಗೆ ಕಲ್ಲಿನ ತೊಂದರೆ ಇದೆ. ಅವರಿಗೆ ಅಂದು ಪಲ್ಯ ಸ್ವಲ್ಪ, ಮೇಲೆ ಮೊಸರು. ಸಾರು ಬೇರೆಯದು. ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ.

ಹುದುಗಿಸುವುದು ಅಂದರೆ ಕೊಂಬುಚಾ (ಹುಳಿ ಬರಿಸಿದ ಸಿಹಿ ಚಹಾ), ಕಿಮ್ಚಿ (ಕೊರಿಯಾದ ಹುಳಿ ತರಕಾರಿ) ಅಂತೆಲ್ಲ. ನಮಗೆ ಹೊಸದಲ್ವಾ?

ನಿಮ್ಮ ಮನೆಯಲ್ಲಿ ದೋಸೆ ಹಿಟ್ಟು ಇದೆಯಾ? ಮೊಸರಿಗೆ ಹೆಪ್ಪು ಹಾಕುತ್ತೀರಾ? ಹಾಗಾದರೆ ನೀವು ಇದನ್ನು ಮಾಡುತ್ತಲೇ ಇದ್ದೀರಿ. ಹುಳಿ ಬಂದ ರಾಗಿ ಅಂಬಲಿ, ತಂಗಳನ್ನ, ಉಪ್ಪುನೀರಿನ ಅಪ್ಪೆಮಿಡಿ, ಮಜ್ಜಿಗೆ ಮೆಣಸಿನಕಾಯಿ, ಎಲ್ಲ ಅದೇ ಕೆಲಸ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟಿನ, ಕಾಯಿಯ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಆ ಹುಳಿಯಲ್ಲಿ ಕೆಟ್ಟ ಜೀವಿಗಳು ಬದುಕುವುದು ಕಷ್ಟ. ಆದ್ದರಿಂದ ಪದಾರ್ಥ ಉಳಿಯುತ್ತದೆ.

ಡಿಸೆಂಬರಿನಲ್ಲಿ ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಸೋಡಾ ಹಾಕಲಾ?

ಸೋಡಾ ಬೇಡ, ಸಮಯ ಕೊಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಚಳಿಗಾಲದ ರಾತ್ರಿ 15 ಡಿಗ್ರಿ ಆಸುಪಾಸು. ಮೇ ತಿಂಗಳಲ್ಲಿ ಎಂಟು ಗಂಟೆಗೆ ಉಬ್ಬುವ ಹಿಟ್ಟಿಗೆ ಆಗ ಹದಿನಾಲ್ಕು ಹದಿನಾರು ಗಂಟೆ ಬೇಕು. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ. ರುಬ್ಬುವಾಗ ಉಗುರುಬೆಚ್ಚಗಿನ ನೀರು ಬಳಸಿ. ಕೈಯಲ್ಲೇ ಚೆನ್ನಾಗಿ ಕಲಸಿ, ಪಾತ್ರೆಗೆ ಹಳೇ ಕಂಬಳಿ ಸುತ್ತಿ. ನಾನು ಮಧ್ಯಾಹ್ನ ಎರಡಕ್ಕೇ ರುಬ್ಬಿಬಿಡುತ್ತೇನೆ. ಅದಕ್ಕಿಂತ ದೊಡ್ಡ ಗುಟ್ಟು ನನ್ನ ಹತ್ತಿರ ಇಲ್ಲ.

ಗೋಣಿ ಸೊಪ್ಪಿನ ಕಾಂಡವನ್ನು ಉಪ್ಪುನೀರಿನಲ್ಲಿ ಹಾಕಿದ್ದೀರಿ ಅಂತ ಕೇಳಿದೆ. ಅಳತೆ ಹೇಳಿ.

ನನ್ನ ಮೆಚ್ಚಿನ ಪ್ರಶ್ನೆ. ಒಂದು ಲೀಟರ್ ನೀರಿಗೆ 30ರಿಂದ 35 ಗ್ರಾಂ ಕಲ್ಲುಪ್ಪು. ಚಮಚದ ಲೆಕ್ಕ ಬೇಡ, ತಕ್ಕಡಿ ಇಟ್ಟುಕೊಳ್ಳಿ. ಹರಳಿನ ಗಾತ್ರದ ಮೇಲೆ ಚಮಚದ ತೂಕ ಬದಲಾಗುತ್ತದೆ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ನಮಗೆ ಬೇಕಾದ ಜೀವಿಗಳನ್ನೂ ಕೊಲ್ಲುತ್ತದೆ. ಕುದಿಸಿ ಆರಿಸಿದ ನೀರು ಬಳಸಿ.

ದಪ್ಪ ಕಾಂಡಗಳನ್ನು ಎರಡಿಂಚಿಗೆ ಕತ್ತರಿಸಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಸೀಳಿದ ಹಸಿಮೆಣಸಿನಕಾಯಿ, ಚೂರು ಶುಂಠಿ ಜೊತೆ ಗಾಜಿನ ಬಾಟಲಿಗೆ ಒತ್ತಿ ತುಂಬಿ. ಉಪ್ಪುನೀರು ಮೇಲೆ ನಿಲ್ಲಬೇಕು. ಏನೂ ಮೇಲೆ ತೇಲಬಾರದು. ನಾನು ಎಲೆಕೋಸಿನ ಒಂದು ದಪ್ಪ ಎಲೆ ಮುಚ್ಚಿ ಅದರ ಮೇಲೆ ತೊಳೆದು ಕುದಿಸಿದ ನುಣುಪು ಕಲ್ಲಿಡುತ್ತೇನೆ. ಮುಚ್ಚಳ ಸಡಿಲವಾಗಿರಲಿ, ಬಾಟಲಿಯ ಕೆಳಗೆ ತಟ್ಟೆ ಇರಲಿ, ಮೂರನೇ ದಿನ ಉಕ್ಕುತ್ತದೆ. ಐದರಿಂದ ಏಳು ದಿನಕ್ಕೆ ಬಣ್ಣ ಮಂಕಾಗಿ, ನೀರು ಮಬ್ಬಾಗಿ, ಒಳ್ಳೇ ಹುಳಿ ವಾಸನೆ ಬರುತ್ತದೆ. ಆಮೇಲೆ ಫ್ರಿಜ್. ಮೊಸರನ್ನದ ಜೊತೆ ಎರಡು ಕಡ್ಡಿ ಸಾಕು.

ಉಪ್ಪು ಆರೋಗ್ಯಕ್ಕೆ ಕೆಟ್ಟದ್ದು ಅಂತ ಅರ್ಧ ಹಾಕಬೇಡಿ. ಉಪ್ಪು ಕಡಿಮೆಯಾದರೆ ಹುಳಿ ಬರುವ ಮೊದಲೇ ಕೊಳೆಯುತ್ತದೆ. ಉಪ್ಪು ಕಡಿಮೆ ಬೇಕಿದ್ದವರು ತಿನ್ನುವುದನ್ನು ಕಡಿಮೆ ಮಾಡಬೇಕು. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದದ ಪಟ್ಟಿ ಸಿಕ್ಕರೆ ಅದ್ದಿ ನೋಡಿ. ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. 4.6ಕ್ಕಿಂತ ಕೆಳಗೆ ಇಳಿದರೆ ಬಾಟುಲಿಸಂ ಎಂಬ ಭಯಂಕರ ವಿಷ ಹುಟ್ಟಿಸುವ ಜೀವಿ ಬೆಳೆಯುವುದಿಲ್ಲ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆ ಹುಳಿಗೆ ಬೇಡ. ಗಾಜು ಅಥವಾ ಅಜ್ಜಿಯ ಪಿಂಗಾಣಿ ಜಾಡಿ.

ಮೇಲೆ ಬಿಳಿ ಪದರ ಬಂದಿದೆ. ಬಿಸಾಡಲಾ?

ತೆಳ್ಳಗೆ, ಸುಕ್ಕುಸುಕ್ಕಾಗಿ, ಹಾಲಿನ ಕೆನೆಯ ಹಾಗೆ ಇದ್ದರೆ ಅದು ಒಂದು ಬಗೆಯ ಯೀಸ್ಟ್. ತೆಗೆದುಹಾಕಿ, ರುಚಿ ಸ್ವಲ್ಪ ಕೆಡುತ್ತದೆ ಅಷ್ಟೇ. ಹತ್ತಿಯಂತೆ ರೋಮ ಎದ್ದಿದ್ದರೆ, ಹಸಿರು, ಕಪ್ಪು, ಗುಲಾಬಿ ಬಣ್ಣ ಕಂಡರೆ ಪೂರ್ತಿ ಬಿಸಾಡಿ. ಮೇಲಿನದು ತೆಗೆದು ಕೆಳಗಿನದು ತಿನ್ನುವ ಉಳಿತಾಯ ಬೇಡ. ಬೂಸಲಿನ ಬೇರು ಕಣ್ಣಿಗೆ ಕಾಣುವುದಿಲ್ಲ. ವಾಸನೆ ನೋಡಿದಾಗ ಮುಖ ಹಿಂದಕ್ಕೆ ಹೋದರೆ ಅದೇ ಉತ್ತರ.

ಶುಂಠಿ ಸೋಡಾ ಮಾಡಲು ಹೋಗಿ ಬಾಟಲಿ ಒಡೆಯಿತಂತೆ?

ಹೌದು. ಯುಗಾದಿಯ ಮಾರನೇ ದಿನ, ರಾತ್ರಿ ಹನ್ನೊಂದಕ್ಕೆ. ಶುಂಠಿ, ಬೆಲ್ಲದ ನೀರನ್ನು ಮೂರು ದಿನ ಹುದುಗಿಸಿ, ಜ್ಯೂಸಿನ ಹಳೇ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದ್ದೆ. ಏಪ್ರಿಲ್ ಸೆಕೆಯನ್ನು ಲೆಕ್ಕ ಹಾಕಲಿಲ್ಲ. ಅಡುಗೆಮನೆಯ ಗೋಡೆಗೆ ಗಾಜಿನ ಚೂರು ಚುಚ್ಚಿಕೊಂಡಿತ್ತು. ಯಾರೂ ಅಲ್ಲಿ ಇರಲಿಲ್ಲ, ಪುಣ್ಯ. ಅತ್ತೆ ದೀಪಾವಳಿ ಇನ್ನೂ ಏಳು ತಿಂಗಳಿದೆಯಲ್ಲ ಅಂದರು.

ಈಗ ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲೇ ತುಂಬುತ್ತೇನೆ. ಅದು ಒತ್ತಿದರೆ ಕಲ್ಲಿನಂತಾದಾಗ ಸೀದಾ ಫ್ರಿಜ್. ಕೊಂಬುಚಾಗೂ ಇದೇ ನಿಯಮ. ಇವೆರಡರಲ್ಲೂ ಸ್ವಲ್ಪ ಮದ್ಯದ ಅಂಶ ಹುಟ್ಟುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ.

ತಂಗಳನ್ನ ಒಳ್ಳೆಯದಾ, ಕೆಟ್ಟದ್ದಾ?

ರಾತ್ರಿ ಅನ್ನ ಆರಿದ ಕೂಡಲೇ ನೀರು ಹಾಕಿ ಮುಚ್ಚಿಟ್ಟದ್ದು ಬೆಳಿಗ್ಗೆಗೆ ಹದವಾಗಿ ಹುಳಿ ಬರುತ್ತದೆ. ಮಜ್ಜಿಗೆ, ಹಸಿ ಈರುಳ್ಳಿ, ಉಪ್ಪು. ಬೇಸಿಗೆಗೆ ಅದಕ್ಕಿಂತ ತಂಪು ಯಾವುದಿದೆ? ಆದರೆ ಮಧ್ಯಾಹ್ನದ ಅನ್ನ ಕುಕ್ಕರಿನಲ್ಲೇ ರಾತ್ರಿವರೆಗೆ ಕೂತು, ಆಮೇಲೆ ನೀರು ಕಂಡರೆ ಅದು ತಂಗಳನ್ನ ಆಗುವುದಿಲ್ಲ, ಹಳಸಲು. ಬೆಂದ ಅನ್ನದಲ್ಲೂ ಸಾಯದ ಒಂದು ಬ್ಯಾಕ್ಟೀರಿಯಾ ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು.

ಬಯೋ ಎಂಜೈಮ್ ಕುಡಿದರೆ ಹೊಟ್ಟೆ ಶುದ್ಧ ಅಂತ ಯಾರೋ ಕಳಿಸಿದ್ದರು.

ಅದು ನೆಲ ಒರೆಸುವುದಕ್ಕೆ! ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ, ಕಿತ್ತಳೆ, ಮೂಸಂಬಿ ಸಿಪ್ಪೆ, ಹತ್ತು ಪಾಲು ನೀರು. ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ತೆಗೆದು ಗಾಳಿ ಬಿಡಬೇಕು. ಬೀದಿ ಬದಿಯ ಜ್ಯೂಸ್ ಅಂಗಡಿಯಲ್ಲಿ ಕೇಳಿದರೆ ಸಿಪ್ಪೆ ಸುಮ್ನೆ ಕೊಡುತ್ತಾರೆ. ಸಿಂಕು, ಬಚ್ಚಲು, ನೆಲಕ್ಕೆ ಚೆನ್ನಾಗಿರುತ್ತದೆ. ಆ ಸಿಪ್ಪೆಯ ಮೇಲೆ ಕೀಟನಾಶಕ, ಮೇಣ ಎಲ್ಲ ಇರುತ್ತದೆ. ಯಾರೂ ಕುಡಿಯಲು ಮಾಡಿದ್ದಲ್ಲ. ಬ್ಲೀಚಿಂಗ್ ಪೌಡರ್ ಜೊತೆ ಇದನ್ನು ಎಂದೂ ಬೆರೆಸಬೇಡಿ. ಹುಳಿಯೂ ಬ್ಲೀಚೂ ಸೇರಿದರೆ ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ.

ಮನೆಮದ್ದಿಗೆ ನೀವು ನಿಜವಾಗಿ ಏನೇನು ಬಳಸುತ್ತೀರಿ?

ತುಂಬ ಕಡಿಮೆ. ಬಾಯಿಹುಣ್ಣಿಗೆ ಗಣಿಕೆ ಸೊಪ್ಪಿನ ತಂಬುಳಿ, ಎಲೆ ತುಪ್ಪದಲ್ಲಿ ಬಾಡಿಸಿ ಮಾಡಿದ್ದು. ನೆಗಡಿಗೆ ದೊಡ್ಡಪತ್ರೆ ರಸ, ಲಕ್ಕಿ ಸೊಪ್ಪಿನ ಹಬೆ. ಹೊಟ್ಟೆ ಕೆಟ್ಟಾಗ ನೀರು ಮಜ್ಜಿಗೆ, ಉಪ್ಪು, ಇಂಗು. ಇವು ಹಾಯೆನಿಸುತ್ತವೆ, ಎರಡು ಮೂರು ದಿನದಲ್ಲಿ ತಾನೇ ಹೋಗುವ ತೊಂದರೆಯನ್ನು ತಾಳಿಕೊಳ್ಳಲು ನೆರವಾಗುತ್ತವೆ. ಬಾಯಿಹುಣ್ಣು ಮೂರು ವಾರ ಆದರೂ ಮಾಯದಿದ್ದರೆ ತಂಬುಳಿ ಬಿಟ್ಟು ಡಾಕ್ಟರಿಗೆ ತೋರಿಸಿ.

ಕೂಸಿಗೆ ದೊಡ್ಡಪತ್ರೆ ರಸ ಜೇನಲ್ಲಿ ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಮೇಲೆ ಹೇಳಿದ ಬಾಟುಲಿಸಂನ ಬೀಜ ಜೇನಿನಲ್ಲಿ ಇರಬಹುದು. ದೊಡ್ಡವರ ಹೊಟ್ಟೆ ತಡೆಯುತ್ತದೆ, ಕೂಸಿನ ಹೊಟ್ಟೆ ತಡೆಯದು. ಈ ವಿಷಯದಲ್ಲಿ ಅತ್ತೆಗೂ ನನಗೂ ಒಂದು ವಾರ ಮಾತಿರಲಿಲ್ಲ.

ಕಾಮಾಲೆಗೆ ನೆಲನೆಲ್ಲಿ ಸಾಕಲ್ವಾ?

ಸಾಲದು. ಕಾಮಾಲೆ ಒಂದು ಲಕ್ಷಣ. ಕಾರಣ ಕೊಳಕು ನೀರಿನಿಂದ ಬಂದ ವೈರಸ್ ಇರಬಹುದು, ಪಿತ್ತನಾಳದ ಕಲ್ಲು ಇರಬಹುದು, ಗೆಡ್ಡೆಯೂ ಇರಬಹುದು. ನೀರಿನಿಂದ ಬರುವ ಕಾಮಾಲೆ ಬಹುತೇಕ ತಾನೇ ವಾಸಿಯಾಗುತ್ತದೆ. ಕೀರ್ತಿ ಸೊಪ್ಪಿಗೆ ಸಿಗುತ್ತದೆ. ಮದ್ರಾಸಿನ ಸಂಶೋಧಕರು 1988ರಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ನೆಲನೆಲ್ಲಿ ಕೊಟ್ಟು, ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು ಎಂದು ಬರೆದಾಗ ದೊಡ್ಡ ಸುದ್ದಿಯಾಗಿತ್ತು. ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ.

ಅಮೃತಬಳ್ಳಿ ಕಷಾಯ ದಿನಾ ಕುಡಿಯುತ್ತಿದ್ದೇನೆ, ಕೊರೊನಾ ಕಾಲದಿಂದ.

ನಿಲ್ಲಿಸಿ ಅಂತಲೇ ಹೇಳುತ್ತೇನೆ. 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ಸೇವಿಸುತ್ತಿದ್ದ ಕೆಲವರಿಗೆ ಲಿವರ್ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ಯಾರ ಮಾತು ಸರಿಯಾದರೂ ನಮಗೆ ಪಾಠ ಒಂದೇ ಅಲ್ವಾ? ಬೇಲಿಯ ಬಳ್ಳಿಯನ್ನು ವರ್ಷಗಟ್ಟಲೆ ಕುದಿಸಿ ಕುಡಿಯುವ ಮುಂಚೆ ಅದು ಯಾವ ಬಳ್ಳಿ ಅಂತ ಗೊತ್ತಿರಬೇಕು. ಅಜ್ಜಿಯರು ಕಷಾಯ ಕುಡಿದದ್ದು ಜ್ವರ ಬಂದಾಗ ನಾಲ್ಕು ದಿನ. ವರ್ಷಪೂರ್ತಿ ಕುಡಿದದ್ದು ನಾವು.

ಯಾರು ವಿಶೇಷವಾಗಿ ಹುಷಾರಾಗಿರಬೇಕು?

ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸ ಕೆಡಿಸುತ್ತದೆ. ಪೂರ್ತಿ ಬಿಡಬೇಕಿಲ್ಲ, ಒಂದು ವಾರ ಬುಟ್ಟಿ ತುಂಬ, ಮುಂದಿನ ವಾರ ಏನೂ ಇಲ್ಲ ಅಂತ ಆಗಬಾರದು. ಕಿಡ್ನಿ ತೊಂದರೆ, ಬಿಪಿ ಇದ್ದವರಿಗೆ ಉಪ್ಪುನೀರಿನ ಪದಾರ್ಥ ಆಗದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಅಂಗ ಕಸಿ ಮಾಡಿಸಿಕೊಂಡವರು ಮನೆಯಲ್ಲಿ ಹುದುಗಿಸಿದ್ದನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಸಸ್ಯಾಹಾರಿಗಳು ಕೇಳುತ್ತಾರೆ, ಹುದುಗಿಸಿದ್ದರಲ್ಲಿ ವಿಟಮಿನ್ ಬಿ12 ಸಿಗುತ್ತದೆಯಾ ಅಂತ. ಅಂಬಲಿಯನ್ನೋ ಉಪ್ಪುನೀರಿನ ಕಾಯನ್ನೋ ನಂಬಿ ಬಿ12 ಮಾತ್ರೆ ಬಿಡಬೇಡಿ.

ತಪ್ಪು ಗಿಡ ತಿಂದುಬಿಟ್ಟರೆ?

ಬಾಯಿ ತೊಳೆದು 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ತಿಂದ ಗಿಡದ ಒಂದು ಕೊಂಬೆ, ಹೂ ಕಾಯಿ ಸಮೇತ ಕವರಿನಲ್ಲಿ ತೆಗೆದುಕೊಂಡು ಹೋಗಿ. "ಯಾವುದೋ ಸೊಪ್ಪು" ಅಂದರೆ ಡಾಕ್ಟರ್ ಏನು ಮಾಡಿಯಾರು?

ನನ್ನದು ಅಪಾರ್ಟ್‌ಮೆಂಟ್. ಕಳೆಯೇ ಬರುವುದಿಲ್ಲ, ಏನು ಮಾಡಲಿ ಅಕ್ಕಾ?

ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಮೊದಲು ನಕ್ಕೆ, ಆಮೇಲೆ ಒಂದು ಕವರ್ ಕೊಟ್ಟೆ. ಬಾಲ್ಕನಿಯಲ್ಲಿ ಐದಾರು ಗಂಟೆ ಬಿಸಿಲು ಬೀಳುವ ಕಡೆ ಅಗಲ ಬಾಯಿಯ ಕುಂಡ ಇಡಿ. ಕೆಂಪು ಮಣ್ಣು, ಗೊಬ್ಬರ, ಸ್ವಲ್ಪ ಮರಳು. ಸೊಪ್ಪಿನ ಕಟ್ಟಿನಿಂದ ಗೋಣಿ ಸೊಪ್ಪಿನ ನಾಲ್ಕು ಕಡ್ಡಿ ತೆಗೆದು ಮಣ್ಣಿಗೆ ಚುಚ್ಚಿ. ಬೇರು ಬೇಕಿಲ್ಲ, ಕಾಂಡವೇ ಚಿಗುರುತ್ತದೆ. ಮಣ್ಣು ಒಣಗಿದ ಮೇಲೆ ನೀರು. ಮೂರು ವಾರಕ್ಕೆ ಮೊದಲ ಕೊಯ್ಲು. ಬುಡದಿಂದ ಎರಡು ಗೆಣ್ಣು ಬಿಟ್ಟು ಕತ್ತರಿಸಿದರೆ ಮತ್ತೆ ಬರುತ್ತದೆ. ಮೇ ಮಳೆ ಬಿದ್ದ ಮೇಲೆ ಅದೇ ಕುಂಡದಲ್ಲಿ ನೀವು ನೆಡದ ಎರಡು ಮೂರು ಗಿಡ ತಲೆ ಎತ್ತುತ್ತವೆ. ಕೀಳಬೇಡಿ, ಹೂ ಬಿಡುವ ತನಕ ಕಾಯಿರಿ. ಹೂ ಬಂದ ಮೇಲೆ ಫೋಟೋ ಬದಲು ಗಿಡವನ್ನೇ ತನ್ನಿ, ಅಮ್ಮ ಸಂಜೆ ಹೊತ್ತು ಮನೆಯಲ್ಲೇ ಇರುತ್ತಾರೆ.